ಕರಗಿ ಹೋದ ಮಾದರಿಗಳು

ಮದುವೆಯ ಕಾಲ ಬಂತೆಂದರೆ ಕುಂದಾಪುರದ ಪೇಟೆಯಲ್ಲಿ ಬಂಗಾರದ ಅಂಗಡಿಗಳ ಮುಂದೆ ಹೊಸ ಫಲಕಗಳು ಏಳುತ್ತವೆ. ಹೊಸ ವಿನ್ಯಾಸಗಳು ಬಂದಿವೆ, ಇಂಥವರ ಕಲ್ಪನೆ, ಇಂತಿಷ್ಟು ಬಗೆ ಎಂದು ಸಾರುತ್ತವೆ. ಒಳಗೆ ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಇಣುಕಿದರೆ ಕಾಣುವುದು ಬಹುಮಟ್ಟಿಗೆ ಹಳೆಯ ಹೆಸರುಗಳೇ: ಅವಲಕ್ಕಿ ಸರ, ಚಕ್ರಸರ, ಬುಗುಡಿ, ಕೊಪ್ಪು, ಬೆಂಡೋಲೆ. ಬಣ್ಣವನ್ನು ಬೇಕೆಂದೇ ಮಂಕುಮಾಡಿ ನೂರು ವರ್ಷದ ಹಳತೆಂಬಂತೆ ತೋರಿಸಿರುತ್ತಾರೆ. ಅದೇ ಹೊತ್ತಿಗೆ ಗುಲ್ವಾಡಿಯಂಥ ಒಳನಾಡಿನ ಊರಿಂದ ಬಂದ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ತನ್ನ ನಿಜವಾದ ಹಳೆಯ ಸರವನ್ನು ತಕ್ಕಡಿಗೆ ಹಾಕುತ್ತಾಳೆ. ಅರಗು ಕಳೆದು, ಬೆಸುಗೆ ಕಳೆದು, ಸವಕಳಿ ಕಳೆದು ಉಳಿದ ತೂಕಕ್ಕೆ ಹಣ ಕಟ್ಟುತ್ತಾರೆ. ಆ ಹಣಕ್ಕೆ ಮೊಮ್ಮಗಳು ಹಳತರಂತೆ ಕಾಣುವ ಹೊಸತನ್ನು ಆರಿಸುತ್ತಾಳೆ. ಮುದುಕಿಯ ಸರ ಮೂಸೆಗೆ ಹೋಗುತ್ತದೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ಬಂಗಾರದ ಗುಣವೇ ಅದು. ಕರಗುತ್ತದೆ ಎಂದೇ ಅದಕ್ಕೆ ಬೆಲೆ; ಕರಗುತ್ತದೆ ಎಂದೇ ಅದರ ಕೆಲಸಕ್ಕೆ ಚರಿತ್ರೆ ನಿಲ್ಲುವುದಿಲ್ಲ. ಹೊಯ್ಸಳರ ಕಾಲದ ಸ್ತ್ರೀಯರು ಏನು ತೊಟ್ಟರೆಂದು ತಿಳಿಯಬೇಕಾದರೆ ನಾವು ಕಲ್ಲನ್ನು ಕೇಳಬೇಕು. ಬೇಲೂರಿನ ಮದನಿಕೆಯರ ಮೈಮೇಲೆ ಮಣಿಮಣಿಯಾಗಿ ಬಿಡಿಸಿದ ಹಾರಗಳು ಬಳಪದ ಕಲ್ಲಿನಲ್ಲಿ ಉಳಿದಿವೆ. ಅವನ್ನು ಕೊರೆದ ದಾಸೋಜನ ಹೆಸರೂ, ಅವನ ಮಗ ಚಾವಣನ ಹೆಸರೂ ಉಳಿದಿವೆ. ಆ ಮಾದರಿಯ ಹಾರವನ್ನು ಬಂಗಾರದಲ್ಲಿ ಮಾಡಿದ ಅಕ್ಕಸಾಲಿಗನ ಹೆಸರು ಉಳಿಯಲಿಲ್ಲ. ಅವನ ಪಾಲಿಗೆ ಉಳಿದದ್ದು ಒಂದು ಗಾದೆ ಮಾತ್ರ: ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ!

ನಮ್ಮ ಕರಾವಳಿಯಲ್ಲೇ ಇನ್ನೊಂದು ಸಾಕ್ಷಿಯಿದೆ. ಗುಲ್ವಾಡಿಯ ಸೌಕೂರು ದುರ್ಗಾಪರಮೇಶ್ವರಿಯ ಹೆಸರಿನಲ್ಲಿ ಯಕ್ಷಗಾನದ ಮೇಳವಿದೆ. ಬಡಗುತಿಟ್ಟಿನ ವೇಷಧಾರಿ ರಂಗಕ್ಕೆ ಬರುವಾಗ ತೊಡುವ ಭುಜಕೀರ್ತಿ, ಎದೆಕಟ್ಟು, ಕಿರೀಟಗಳು ಬಂಗಾರದವಲ್ಲ. ಹಗುರ ಮರವನ್ನು ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿಯ ಚೂರು ಕೂಡಿಸಿ ಮಾಡಿದವು. ದೊಂದಿಯ ಬೆಳಕಿನಲ್ಲಿ ಅವು ನಿಜವಾದ ಬಂಗಾರಕ್ಕಿಂತ ಹೆಚ್ಚು ಮಿನುಗುತ್ತಿದ್ದವು. ಕೋಟದ ಶಿವರಾಮ ಕಾರಂತರು ಈ ಕಲೆಯನ್ನು ಕುರಿತು ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮರದ ಒಡವೆಗೆ ಅಂಥ ಭಾಗ್ಯ ಒದಗಿತು. ಮರವನ್ನು ಕರಗಿಸಿ ಮಾರುವವರಿಲ್ಲವಲ್ಲ!

ಹಳ್ಳಿಯ ಆಚಾರ್ರು ಒಡವೆ ಮಾಡುತ್ತಿದ್ದ ಕ್ರಮ ಇಂದಿನವರಿಗೆ ವಿಚಿತ್ರವೆನಿಸೀತು. ಬಂಗಾರ ಮನೆಯವರದು, ಕೂಲಿ ಆಚಾರ್ರದು. ಒರೆಗಲ್ಲಿನ ಮೇಲೆ ಎಳೆದು ಬಣ್ಣ ನೋಡಬೇಕು; ಗುಲಗಂಜಿಯಲ್ಲಿ ತೂಗಬೇಕು; ಊದುಗೊಳವೆಯಲ್ಲಿ ಉಸಿರು ಹಿಡಿದು ಊದಿ ಬೆಸುಗೆ ಹಾಕಬೇಕು. ಚಿತ್ರ ಬರೆದು ಒಪ್ಪಿಗೆ ಪಡೆಯುವ ಮಾತಿರಲಿಲ್ಲ. “ಆಚಾರ್ರೇ, ನಮ್ಮ ಅಬ್ಬಿ ಸರದ್ ಹಾಂಗೇ ಇರ್ಕ್” ಎಂದರೆ ಮುಗಿಯಿತು. ಅಬ್ಬೆಯ ಸರ ಎದುರಿಗೆ ಇರುತ್ತಿತ್ತು, ಇಲ್ಲವೇ ಆಚಾರ್ರ ತಂದೆಯೇ ಅದನ್ನು ಮಾಡಿರುತ್ತಿದ್ದರು. ಹಾಗೆಂದು ಅದು ಬರಿಯ ನಕಲಲ್ಲ. ಕೈ ಬದಲಾದಂತೆ ಮೊಗ್ಗಿನ ಮೂತಿ ಸ್ವಲ್ಪ ಚೂಪಾಗುತ್ತಿತ್ತು, ಕೊಂಡಿ ಸ್ವಲ್ಪ ಬಾಗುತ್ತಿತ್ತು. ಹೊಸತು ಬಂದರೆ ಅದನ್ನೂ ಒಳಗೆ ಸೇರಿಸಿಕೊಳ್ಳುತ್ತಿದ್ದರು. ಬ್ರಿಟಿಷರ ಪವನು ನಾಣ್ಯ ಬಂದಾಗ ಅದಕ್ಕೆ ಕುಣಿಕೆ ಹಾಕಿ ಪವನಿನ ಸರ ಮಾಡಿದರು. ರಾಜರಾಣಿಯರ ಮುಖಗಳು ನಮ್ಮ ಹೆಂಗಸರ ಕೊರಳಲ್ಲಿ ತೂಗಾಡಿದವು. ಆ ನಾಣ್ಯ 22 ಕ್ಯಾರೆಟ್ಟಿನದು, ತೂಕ ಎಂಟು ಗ್ರಾಮಿಗೆ ಕೂದಲೆಳೆಯಷ್ಟು ಕಡಿಮೆ. ರಾಣಿ ಹೋದರೂ ಪವನು ಹೋಗಲಿಲ್ಲ. ಇವತ್ತಿಗೂ ನಮ್ಮಲ್ಲಿ ಮದುವೆಯ ಬಂಗಾರದ ಲೆಕ್ಕ ಎಂಟು ಗ್ರಾಮಿನ ಪವನಿನಲ್ಲೇ.

ಈ ಪರಂಪರೆಗೆ ದೊಡ್ಡ ಪೆಟ್ಟು ಬಿದ್ದದ್ದು 1963ರ ಜನವರಿಯಲ್ಲಿ. ಚೀನದ ಯುದ್ಧ ಮುಗಿದು ಎರಡು ತಿಂಗಳಾಗಿರಲಿಲ್ಲ. ವಿದೇಶೀ ವಿನಿಮಯ ಬರಿದಾಗಿತ್ತು, ಕಳ್ಳಸಾಗಣೆ ಹೆಚ್ಚಿತ್ತು. ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಬಂಗಾರ ನಿಯಂತ್ರಣದ ನಿಯಮ ತಂದರು. ಇನ್ನು ಮುಂದೆ 14 ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಮಾಡಕೂಡದು! ನೂರಕ್ಕೆ ಸುಮಾರು 58 ಪಾಲು ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ. ಜನರ ಬಂಗಾರದ ಮೋಹ ಇಳಿಯಲಿ ಎಂಬುದು ಉದ್ದೇಶ. ಮೋಹ ಇಳಿಯಲಿಲ್ಲ, ಅಕ್ಕಸಾಲಿಗರ ಒಲೆ ಆರಿತು. 22 ಕ್ಯಾರೆಟ್ಟಿನ ಮೆದು ಬಂಗಾರವನ್ನು ಎಲೆಯಂತೆ ಬಡಿದು, ನೂಲಿನಂತೆ ಎಳೆದು ಅಭ್ಯಾಸವಾದ ಕೈಗೆ ಈ ಗಡಸು ಲೋಹ ಬಗ್ಗಲಿಲ್ಲ, ಬಗ್ಗಿಸಿದರೂ ಕೊಳ್ಳುವವರಿರಲಿಲ್ಲ. ದೇಶದಲ್ಲಿ ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. 1966ರಲ್ಲಿ ಆ 14ರ ಕಟ್ಟನ್ನು ತೆಗೆದರು. ಆದರೆ 1968ರ ಕಾಯಿದೆ ಗಟ್ಟಿ ಬಂಗಾರದ ಸಂಗ್ರಹಕ್ಕೆ ಕಡಿವಾಣ ಹಾಕಿತು. ಅದು ರದ್ದಾದದ್ದು 1990ರಲ್ಲಿ. ಒಂದು ತಲೆಮಾರಿನಷ್ಟು ಕಾಲ! ಮಗನನ್ನು ಒಲೆಯ ಮುಂದೆ ಕೂರಿಸಲು ಯಾವ ತಂದೆಗೆ ಧೈರ್ಯ ಬಂದೀತು?

ಕಾಯಿದೆ ಹೋಗುವ ಹೊತ್ತಿಗೆ ಹಳ್ಳಿಯ ಒಲೆಯ ಜಾಗಕ್ಕೆ ಕಾರ್ಖಾನೆ ಬಂದಿತ್ತು. ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲಿ ಗಡಿಯಾರ ಮಾಡುತ್ತಿದ್ದ ಟೈಟಾನ್ ಕಂಪೆನಿ 1994ರಲ್ಲಿ ತನಿಷ್ಕ್ ಎಂಬ ಹೆಸರಿನಲ್ಲಿ ಒಡವೆಗೆ ಇಳಿಯಿತು. ಮೊದಲು ಹೊರಟದ್ದು ಪಾಶ್ಚಾತ್ಯ ಮಾದರಿಯ 18 ಕ್ಯಾರೆಟ್ಟಿನ ನಗಗಳೊಂದಿಗೆ. ನಮ್ಮ ಗೃಹಿಣಿಯರು ಕಾನೂನಿನ 14ಕ್ಕೆ ಬಗ್ಗದಿದ್ದವರು ಚೆಲುವಿನ 18ಕ್ಕೂ ಬಗ್ಗಲಿಲ್ಲ. ಕಂಪೆನಿಯೇ 22ಕ್ಕೆ ಬಂದು, ಶುದ್ಧತೆ ಅಳೆಯುವ ಯಂತ್ರವನ್ನು ಅಂಗಡಿಯಲ್ಲಿಟ್ಟು, ನಾಡುನಾಡಿನ ಮದುವಣಗಿತ್ತಿಯರ ಸಾಂಪ್ರದಾಯಿಕ ಒಡವೆಗಳನ್ನು ಹುಡುಕಿಕೊಂಡು ಹೋಯಿತು. ಇಂದಿನ ವಿನ್ಯಾಸಕಾರರ ಬಹುಪಾಲು ಹಿಡಿದಿರುವುದು ಆ ದಾರಿಯನ್ನೇ. ಗಣಕಯಂತ್ರದಲ್ಲಿ ಚಿತ್ರ ಬಿಡಿಸಿ, ಮೇಣದ ಅಚ್ಚಿನಲ್ಲಿ ಎರಕ ಹೊಯ್ದು, ಒಂದೇ ಸರವನ್ನು ನೂರು ಮಾಡಬಲ್ಲರು.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಊರಿನ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ಯನ್ನು ಪ್ರಕಟಿಸಿದರು. ಬಾಲವಿಧವೆಯೊಬ್ಬಳು ಮನೆ ಬಿಟ್ಟು, ವಿದ್ಯೆ ಕಲಿತು, ಮರುಮದುವೆಯಾಗುವ ಕಥೆ ಅದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದದ್ದು. ಆ ಕಾಲದ ಕರಾವಳಿಯ ಅನೇಕ ಮನೆಗಳಲ್ಲಿ ಗಂಡ ಸತ್ತ ಹುಡುಗಿಯ ಬಳೆ ಒಡೆದು, ಕರಿಮಣಿ ಕಿತ್ತು, ತಲೆ ಬೋಳಿಸುತ್ತಿದ್ದರು. ಅವಳ ಮೈಮೇಲಿದ್ದ ಬಂಗಾರ ಎಲ್ಲಿ ಹೋಗುತ್ತಿತ್ತು? ಇನ್ನೊಬ್ಬ ಮದುವಣಗಿತ್ತಿಗಾಗಿ ಮತ್ತೆ ಮೂಸೆಗೆ. ಸ್ತ್ರೀಧನವೆಂದು ಶಾಸ್ತ್ರ ಹೇಳಿದರೂ, ಹೆಣ್ಣಿನ ಸ್ವತ್ತು ಅವಳಿಗೇ ಪೂರ್ಣವಾಗಿ ಸೇರಿದ್ದೆಂದು ಸರ್ಕಾರ ಬರೆದುಕೊಟ್ಟದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ. ಆಚಾರ್ರ ಎದುರು ಕುಳಿತು ಸರದ ಮಾತಾಡುತ್ತಿದ್ದವರು ಹೆಚ್ಚಾಗಿ ಮನೆಯ ಹಿರಿಯರು. ತೊಡುವ ಹುಡುಗಿಯನ್ನು ಕೇಳಿದವರು ವಿರಳ. ಇಂದು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿಯುವ ಹೆಣ್ಣುಮಗಳು ತನ್ನ ಸಂಬಳದಲ್ಲಿ ನಾಲ್ಕು ಗ್ರಾಮಿನ ಓಲೆ ಕೊಂಡು, ಬಸ್ಸು ಹತ್ತಿ, ಗಂಡನಿರಲಿ ಇಲ್ಲದಿರಲಿ ತೊಡುತ್ತಾಳೆ. ಹೊಸ ಮಾದರಿಯವರು ಅವಳನ್ನು ಕಣ್ಣಮುಂದಿಟ್ಟುಕೊಂಡೇ ಚಿತ್ರ ಬರೆಯುತ್ತಾರೆ. ಇದು ಸಣ್ಣ ಬದಲಾವಣೆಯಲ್ಲ.

ನನ್ನ ತಕರಾರು ಬೇರೆ. 2000ದ ವಿನ್ಯಾಸ ಕಾಯಿದೆಯಂತೆ ಹೊಸ ಮಾದರಿಯನ್ನು ನೋಂದಾಯಿಸಿದವರಿಗೆ ಹತ್ತು ವರ್ಷ, ಬೇಕಾದರೆ ಇನ್ನೈದು ವರ್ಷ ಹಕ್ಕು ಸಿಗುತ್ತದೆ. ಆ ಚಿತ್ರ ಕಡತದಲ್ಲಿ ಉಳಿಯುತ್ತದೆ. ಅದಕ್ಕೆ ಸ್ಫೂರ್ತಿಯಾದ ಮುದುಕಿಯ ಸರ ಮಾತ್ರ ಒಂದು ಫೋಟೋ ಕೂಡ ಇಲ್ಲದೆ ಕರಗುತ್ತದೆ. ಕರಗಿಸುವ ಮುನ್ನ ಅದನ್ನು ತಕ್ಕಡಿಯ ಪಕ್ಕದಲ್ಲಿಟ್ಟು ಒಂದು ಚಿತ್ರ ತೆಗೆದು, ಯಾವ ಊರಿನದು, ಯಾವ ಆಚಾರ್ರು ಮಾಡಿದ್ದು ಎಂದು ಮುದುಕಿಯನ್ನೇ ಕೇಳಿ ಬರೆದಿಡಲು ಅಂಗಡಿಯವರಿಗೆ ಐದು ನಿಮಿಷ ಸಾಕು. ಅವಳಿಗೆ ಇನ್ನೂ ನೆನಪಿರುತ್ತದೆ.

2021ರ ಜೂನಿನಿಂದ ಸರ್ಕಾರ ಹಂತಹಂತವಾಗಿ ಬಂಗಾರದ ಒಡವೆಗೆ ಹಾಲ್‌ಮಾರ್ಕ್ ಮುದ್ರೆಯನ್ನು ಕಡ್ಡಾಯ ಮಾಡುತ್ತ ಬಂದಿದೆ. 22 ಕ್ಯಾರೆಟ್ಟಿಗೆ 916 ಎಂಬ ಅಂಕಿ, ಜೊತೆಗೆ ಆರು ಅಕ್ಷರಾಂಕಗಳ ಒಂದು ಗುರುತು. ಭೂತಗನ್ನಡಿ ಹಿಡಿದರೆ ಓಲೆಯ ಬೆನ್ನಿನಲ್ಲಿ ಕಾಣುತ್ತದೆ. ಶುದ್ಧತೆ ಎಷ್ಟು, ಮಾರಿದವರು ಯಾರು, ಪರೀಕ್ಷಿಸಿದ ಕೇಂದ್ರ ಯಾವುದು ಎಂಬುದನ್ನೆಲ್ಲ ಆ ಆರು ಅಕ್ಷರಗಳಿಂದ ತಿಳಿಯಬಹುದು. ಊದುಗೊಳವೆ ಹಿಡಿದವನು ಯಾರೆಂಬುದು ಮಾತ್ರ ಅದರಲ್ಲಿ ಇಲ್ಲ.