ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ

ಹೈದರಾಬಾದಿನಲ್ಲಿ ಬಾಡಿಗೆ ಮನೆ ಬದಲಾಯಿಸಿದವರಿಗೆಲ್ಲ ಒಂದು ಪ್ರಶ್ನೆ ಎದುರಾಗಿಯೇ ಇರುತ್ತೆ: ಸಜ್ಜೆಯ ಮೇಲಿರೋ ಹಳೇ ಕಂಪ್ಯೂಟರನ್ನು ಏನು ಮಾಡೋದು? ಕೂಕಟ್‌ಪಲ್ಲಿಯಿಂದ ಕೊಂಡಾಪುರಕ್ಕೆ ಬರುವಾಗ ನಮ್ಮನೆಯಲ್ಲೂ ಇದೇ ಚರ್ಚೆ. 2005ರಲ್ಲಿ ಸಿಕಂದರಾಬಾದಿನ ಪಾರ್ಕ್‌ಲೇನ್‌ಗೆ ಹೋಗಿ, ನಾವೆಲ್ಲ ಸಿಟಿಸಿ ಅಂತ ಕರೆಯೋ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಜೋಡಿಸಿಕೊಂಡು ಬಂದ ಪೆಂಟಿಯಮ್ 4 ಅದು. ರಾಯಚೂರಿನ ನಮ್ಮವಳು, "ಗುಜರಿಯವನಿಗೆ ಕೊಟ್ಟುಬಿಡ್ರಿ, ಅದರಾಗ ಫೋಟೊ ವಿಡಿಯೊ ಏನೂ ಆಗಂಗಿಲ್ಲ" ಅಂದಳು.

ಆಗಂಗಿಲ್ಲ ಅನ್ನೋ ಮಾತು ಅರ್ಧ ನಿಜ. ಅದೇ ಯಂತ್ರದಲ್ಲಿ ಒಂದು ಕಾಲಕ್ಕೆ ಇಡೀ ಮದುವೆ ವಿಡಿಯೊ ಎಡಿಟ್ ಮಾಡಿದ್ದೆ. ಹಾಗಾದರೆ ಬದಲಾಗಿದ್ದು ಕಂಪ್ಯೂಟರೋ, ವಿಡಿಯೊನೋ? ಇವತ್ತಿನ ಮಾತು ಈ ಪ್ರಶ್ನೆಯ ಇತಿಹಾಸದ ಬಗ್ಗೆ.

ಕಥೆ ಶುರು ಮಾಡೋಕೆ ಅಮೀರ್‌ಪೇಟೆಗೆ ಹೋಗೋಣ. ಜಾವಾ, ಟೆಸ್ಟಿಂಗ್ ಕೋರ್ಸ್ ಅಂತ ನಮ್ಮಲ್ಲಿ ಎಷ್ಟೋ ಜನ ಅಲ್ಲಿನ ಮೈತ್ರಿವನಂ ಸುತ್ತ ಅಲೆದವರೇ. ಅದೇ ಅಮೀರ್‌ಪೇಟೆಯಲ್ಲಿ ಸಾರಥಿ ಸ್ಟುಡಿಯೋ ಇದೆ, ಹೈದರಾಬಾದಿನ ಹಳೇ ಸಿನಿಮಾ ಸ್ಟುಡಿಯೋಗಳಲ್ಲಿ ಒಂದು. ಫಿಲ್ಮ್ ಕಾಲದಲ್ಲಿ ಸಂಕಲನಕಾರ ಮೂಲ ನೆಗೆಟಿವ್‌ಗೆ ಕತ್ತರಿ ಹಾಕ್ತಿರಲಿಲ್ಲ. ಅದರಿಂದ ತೆಗೆದ ಒಂದು ಪಾಸಿಟಿವ್ ಪ್ರತಿಯನ್ನು ಕತ್ತರಿಸಿ, ಅಂಟಿಸಿ, ಗೀರು ಬಿದ್ದರೂ ಚಿಂತೆಯಿಲ್ಲ ಅಂತ ಕೆಲಸ ಮಾಡ್ತಿದ್ದ. ಫಿಲ್ಮಿನ ಅಂಚಿನಲ್ಲಿ ಅಚ್ಚಾದ ನಂಬರುಗಳಿರುತ್ತಿದ್ದವು. ಎಲ್ಲ ತೀರ್ಮಾನ ಆದಮೇಲೆ ಆ ನಂಬರು ನೋಡಿಕೊಂಡು ನೆಗೆಟಿವ್ ಅನ್ನು ಒಂದೇ ಸಲ ಕತ್ತರಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕೆಲಸವೆಲ್ಲ ಕಾಪಿಯ ಮೇಲೆ, ಕೊನೆಗೆ ಒಂದು ಮರ್ಜ್.

1989ರಲ್ಲಿ ಆವಿಡ್ ಅನ್ನೋ ಎಡಿಟಿಂಗ್ ವ್ಯವಸ್ಥೆ ಆಪಲ್‌ನ ಮ್ಯಾಕಿಂತೋಷ್ ಮೇಲೆ ಬಂತು. ಆಗಿನ ಹಾರ್ಡ್ ಡಿಸ್ಕಿನಲ್ಲಿ ಒಳ್ಳೇ ಗುಣಮಟ್ಟದ ವಿಡಿಯೊ ಹಿಡಿಸುತ್ತಿರಲಿಲ್ಲ. ಏನು ಮಾಡಿದರು? ಅದೇ ಹಳೇ ಉಪಾಯ. ಮಸುಕಾದ, ಸಣ್ಣ ಪ್ರತಿಯಲ್ಲಿ ಎಡಿಟ್ ಮಾಡಿ, ಯಾವ ಟೇಪಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಬೇಕು ಅನ್ನೋ ಪಟ್ಟಿ ತೆಗೆದು, ಮೂಲ ಟೇಪಿನಿಂದ ಕೊನೇ ಪ್ರತಿ ಮಾಡೋದು.

ಆಮೇಲೆ ಮನೆಮನೆಗೆ ಹ್ಯಾಂಡಿಕ್ಯಾಮ್ ಬಂತು. 1995ರಲ್ಲಿ ಬಂದ ಡಿವಿ ಫಾರ್ಮ್ಯಾಟ್‌ನ ಪುಟ್ಟ ಟೇಪು, ಅದೇ ಮಿನಿಡಿವಿ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ 720×576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಒಂದು ಗಂಟೆಗೆ ಸುಮಾರು 13 ಜಿಬಿ. ದೊಡ್ಡ ಫೈಲು, ನಿಜ. ಆದರೆ ಪ್ರತಿ ಫ್ರೇಮೂ ಸ್ವತಂತ್ರ. ಟೈಮ್‌ಲೈನಿನಲ್ಲಿ ಎಲ್ಲಿ ಕ್ಲಿಕ್ ಮಾಡಿದರೂ ಆ ಒಂದು ಫ್ರೇಮು ಬಿಚ್ಚಿದರೆ ಸಾಕು. ಅದಕ್ಕೇ ನನ್ನ ಪೆಂಟಿಯಮ್ 4ಕ್ಕೆ ಅದು ಭಾರ ಅನ್ನಿಸಲಿಲ್ಲ. ಡಿಸ್ಕ್ ತುಂಬ್ತಿತ್ತು, ರೆಂಡರ್‌ಗೆ ಹಾಕಿ ರಾತ್ರಿ ಮಲಗಬೇಕಿತ್ತು, ಅಷ್ಟೇ.

ಉಲ್ಟಾ ಹೊಡೆದದ್ದು ಆಮೇಲೆ. 2003ರಲ್ಲಿ ಎಚ್.264, 2013ರಲ್ಲಿ ಎಚ್‌ಇವಿಸಿ ಬಂತು. ಫೋನು, ಮೆಮೊರಿ ಕಾರ್ಡಿನಲ್ಲಿ ಜಾಗ ಉಳಿಸಬೇಕಲ್ಲ? ಹಾಗಾಗಿ ಒಂದು ಪೂರ್ತಿ ಫ್ರೇಮ್ ಬರೆದು, ಮುಂದಿನವುಗಳಲ್ಲಿ ಮುಖ್ಯವಾಗಿ ಬದಲಾವಣೆ ಮಾತ್ರ ಬರೆಯುವ ಪದ್ಧತಿ. ಗಿಟ್‌ನಲ್ಲಿ ಡಿಫ್ ನೋಡ್ತೀವಲ್ಲ, ಹೆಚ್ಚುಕಡಿಮೆ ಹಾಗೆ. ಮಧ್ಯದ ಒಂದು ಫ್ರೇಮ್ ಬೇಕಂದ್ರೆ ಹಿಂದಿನವನ್ನೆಲ್ಲ ಬಿಚ್ಚಿ ಲೆಕ್ಕ ಹಾಕಬೇಕು. ಫೈಲು ಚಿಕ್ಕದಾಯ್ತು, ಕೆಲಸ ದೊಡ್ಡದಾಯ್ತು. ಕ್ಯಾಮೆರಾ ಉಳಿಸಿದ್ದನ್ನು ಕಂಪ್ಯೂಟರ್ ತೆತ್ತಿತು.

ಇದಕ್ಕೆ ಚಿಪ್‌ನವರು ಬೇರೆ ದಾರಿ ಹುಡುಕಿದರು. ಇಂಟೆಲ್ 2011ರಿಂದ ಎಚ್.264 ಬಿಚ್ಚೋಕೆ ಪ್ರೊಸೆಸರಿನಲ್ಲೇ ಪ್ರತ್ಯೇಕ ಭಾಗ ಇಟ್ಟಿತು, 2015ರ ಆರನೇ ತಲೆಮಾರಿನಿಂದ ಎಚ್‌ಇವಿಸಿಗೂ. ಸಿಟಿಸಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡೋವಾಗ "ಐ5 ಸಾರ್, ಐ5" ಅಂದರೆ ಸಾಲದು, ಎಷ್ಟನೇ ತಲೆಮಾರು ಕೇಳಿ. 2012ರ ಐ5 ಫೋನಿನ 4ಕೆ ವಿಡಿಯೊಗೆ ತಿಣುಕೋದು ವಯಸ್ಸಾಗಿ ಅಲ್ಲ, ಆ ಭಾಷೆ ಅದಕ್ಕೆ ಕಲಿಸಿಲ್ಲ.

ಹಾಗಂತ ಬಿಸಾಡಬೇಕಿಲ್ಲ. ಅಮೀರ್‌ಪೇಟೆಯ ಹಳೇ ಉಪಾಯಕ್ಕೆ ಈಗ ಪ್ರಾಕ್ಸಿ ಅಂತ ಹೆಸರು. ಕೆಡೆನ್‌ಲೈವ್, ಶಾಟ್‌ಕಟ್‌ನಂಥ ಉಚಿತ ತಂತ್ರಾಂಶದಲ್ಲೇ ಇದೆ. ಮೂಲ ವಿಡಿಯೊದಿಂದ ಸುಲಭವಾಗಿ ಬಿಚ್ಚಿಕೊಳ್ಳೋ ಸಣ್ಣ ಪ್ರತಿ ಮಾಡ್ಕೊಳ್ಳುತ್ತೆ, ನೀವು ಅದರಲ್ಲಿ ಕತ್ತರಿಸ್ತೀರಿ, ಕೊನೆಗೆ ರೆಂಡರ್ ಆಗೋದು ಮೂಲದಿಂದ. ಪ್ರಾಕ್ಸಿ ಮಾಡೋಕೂ, ಕೊನೇ ರೆಂಡರ್‌ಗೂ ಹೊತ್ತು ಹಿಡಿಯುತ್ತೆ, ಮಲಗೋ ಮುಂಚೆ ಹಾಕಿಬಿಡಿ. ಫೋಟೊಗೂ ಇದೇ ದಾರಿ: ಲೈಟ್‌ರೂಮ್ 2013ರಲ್ಲಿ ತಂದ ಸ್ಮಾರ್ಟ್ ಪ್ರಿವ್ಯೂ ಅಂದರೆ ಉದ್ದನೆಯ ಬದಿ 2560 ಪಿಕ್ಸೆಲ್‌ಗೆ ಇಳಿಸಿದ ಪ್ರತಿ. ಇದರ ಜೊತೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಹೆಚ್ಚಿಸಿ. ಒಂದು ಎಚ್ಚರಿಕೆ: ಹಳೇ ಅಗ್ಗದ ಲ್ಯಾಪ್‌ಟಾಪ್ ಪರದೆ ಸ್ವಲ್ಪ ವಾಲಿಸಿದರೂ ಬಣ್ಣ ಬದಲಾಗುತ್ತೆ. ಅದನ್ನು ನಂಬಿ ಮುಖದ ಬಣ್ಣ ತಿದ್ದಬೇಡಿ. ಇನ್ನು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ, ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿಕೊಳ್ಳೋದು ಒಳ್ಳೇದು.

ಈಗ ನಮ್ಮನೆ ಪೆಂಟಿಯಮ್‌ಗೆ ವಾಪಸ್ ಬರ್ತೀನಿ. ಸಾಮಾನು ಕಟ್ಟುವಾಗ ಒಂದು ಬಿಸ್ಕತ್ ಡಬ್ಬಿಯಲ್ಲಿ ಮೂರು ಮಿನಿಡಿವಿ ಟೇಪು, ಜೊತೆಗೆ ಹಳೇ ಹ್ಯಾಂಡಿಕ್ಯಾಮ್ ಸಿಕ್ಕವು. 2004ರ ಅಕ್ಕನ ಮದುವೆ. ನಾನು ಎಡಿಟ್ ಮಾಡಿ ಕೊಟ್ಟಿದ್ದ ವಿಸಿಡಿ ಯಾವಾಗಲೋ ಹಾಳಾಗಿತ್ತು. ಟೇಪಿನಿಂದ ವಿಡಿಯೊ ಇಳಿಸೋಕೆ ಫೈರ್‌ವೈರ್ ಕಿಂಡಿ ಬೇಕು. ನನ್ನ ಆಫೀಸ್ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಆಪಲ್ ಕೂಡ ಮ್ಯಾಕ್‌ಓಎಸ್ 26ರಲ್ಲಿ ಫೈರ್‌ವೈರ್ ಬೆಂಬಲ ಕೈಬಿಟ್ಟಿದೆ. ಇಡೀ ಮನೆಯಲ್ಲಿ ಆ ಕಿಂಡಿ ಇದ್ದದ್ದು ಗುಜರಿಗೆ ಹೊರಟಿದ್ದ ಡಬ್ಬಕ್ಕೆ ಮಾತ್ರ.

ಒಂದು ಗಂಟೆಯ ಟೇಪು ಇಳಿಯೋಕೆ ಒಂದು ಗಂಟೆಯೇ ಬೇಕು, ಅವಸರ ನಡೆಯಲ್ಲ. ಎರಡನೇ ಟೇಪಿನಲ್ಲಿ ಅಜ್ಜಿ ಬೀಸುಕಲ್ಲಿನ ಪದ ಹಾಡ್ತಿದ್ದಳು. ವಿಸಿಡಿ ಮಾಡುವಾಗ, ಉದ್ದ ಆಯ್ತು ಅಂತ ನಾನೇ ಅದನ್ನು ಕತ್ತರಿಸಿ ಹಾಕಿದ್ದೆ. ಅಜ್ಜಿ ಈಗ ಇಲ್ಲ. ಆಕೆಯ ದನಿ ಬೇರೆಲ್ಲೂ ಇಲ್ಲ. ನಮ್ಮವಳು ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತು ಪೂರ್ತಿ ಕೇಳಿದಳು. ಕತ್ತರಿಸಿದ್ದು ನಾನು, ಉಳಿದದ್ದು ಮೂಲ ಟೇಪು ಇದ್ದದ್ದರಿಂದ.

ಆದ್ದರಿಂದ ಯಂತ್ರ ಕೊಡೋದಿದ್ದರೆ ಕೊಡಿ. ಅದಕ್ಕೂ ಮುಂಚೆ ಊರಿಗೆ ಫೋನ್ ಮಾಡಿ, ಬೀರುವಿನಲ್ಲಿ ಟೇಪು ಇದೆಯಾ ಕೇಳಿ. ಇದ್ದರೆ ಮೊದಲು ಅದನ್ನು ಇಳಿಸಿ, ಎರಡು ಕಡೆ ಕಾಪಿ ಇಡಿ. ಗುಜರಿಯವನು ಮುಂದಿನ ವಾರವೂ ಬರ್ತಾನೆ.