ಅಡುಗೆಮನೆಗೆ ಬಂದ ಪೀಪಾಯಿ

ಬಿಡದಿಯ ಕಡೆಯವನು ನಾನು. ಬಿಡಕಿನ್‌ಗೆ ವರ್ಗವಾದಾಗ ಅಮ್ಮನಿಗೆ, ‘ಹೆಸರಲ್ಲಿ ಒಂದೆರಡು ಅಕ್ಷರ ಮಾತ್ರ ಬೇರೆ’ ಎಂದು ಸಮಾಧಾನ ಹೇಳಿ ಬಸ್ಸು ಹತ್ತಿದ್ದೆ. ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯಲ್ಲಿರುವ ಈ ಊರು ಮೊನ್ನೆಮೊನ್ನೆಯವರೆಗೆ ಹತ್ತಿಯ ಹೊಲಗಳ ಊರು. ಈಗ ಔರಿಕ್ ಕೈಗಾರಿಕಾ ನಗರದ ಹತ್ತು ಸಾವಿರ ಎಕರೆಯಲ್ಲಿ ಎಂಟು ಸಾವಿರ ಇಲ್ಲಿಯದೇ. ಬೆಂಗಳೂರಿನ ಏಥರ್, ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಎರಡೂ 2024ರಲ್ಲಿ ಈ ಕಡೆ ಮುಖ ಮಾಡಿದ ಮೇಲೆ ಚಹಾದಂಗಡಿಗಳಲ್ಲಿ ಆಗಾಗ ಕನ್ನಡ ಕಿವಿಗೆ ಬೀಳುತ್ತದೆ.

ನನ್ನ ಜೊತೆ ಮನೆ ಹಂಚಿಕೊಂಡಿರುವ ಗೆಳೆಯ ಹುಮನಾಬಾದಿನವನು. ಅವನಿಗೆ ಈ ನಾಡು ಪರದೇಶವಲ್ಲ. ‘ನಮ್ಮಜ್ಜನ ಕಾಲಕ್ಕ ಬೀದರಾ ಔರಂಗಾಬಾದಾ ಎರಡೂ ಒಬ್ಬನೇ ನಿಜಾಮನ ಕೈಯಾಗ ಇದ್ದವ್ರಿ’ ಎನ್ನುತ್ತಾನೆ. ನಿಜ. 1956ರ ನವೆಂಬರ್ 1ರಂದು ಬೀದರ ಮೈಸೂರಿಗೆ ಬಂತು, ಔರಂಗಾಬಾದು ಮುಂಬಯಿ ರಾಜ್ಯಕ್ಕೆ ಹೋಯಿತು. ಇನ್ನೂ ಹಿಂದೆ ಹೋದರೆ ಕವಿರಾಜಮಾರ್ಗ ಹೇಳುವ ಕನ್ನಡನಾಡಿನ ಬಡಗಣ ಗಡಿಯೇ ಗೋದಾವರಿ. ನಮ್ಮ ಬಾಡಿಗೆ ಮನೆಯಿಂದ ಬೈಕಿನಲ್ಲಿ ಒಂದು ಗಂಟೆಯೊಳಗಿನ ದಾರಿ.

ಈ ಗೆಳೆಯನಿಗೆ ಹೋದ ಬೇಸಿಗೆಯಲ್ಲಿ ಒಂದು ಹುಚ್ಚು ಹಿಡಿಯಿತು: ಅಡುಗೆಮನೆಯಲ್ಲಿ ಡ್ರಾಫ್ಟ್ ಬಿಯರಿನ ನಲ್ಲಿ ಕೂರಿಸಬೇಕು. ಬೆಂಗಳೂರಲ್ಲಿ ಓದುವಾಗ ಪಬ್ಬುಗಳಲ್ಲಿ ಕಂಡದ್ದು ಅವನ ತಲೆಯಲ್ಲಿ ಉಳಿದಿತ್ತು. ಹಳೆಯ ಒಂಟಿ ಬಾಗಿಲಿನ ಫ್ರಿಜ್ ತಂದ. ಗ್ಯಾಸ್ ಕೊಳವೆ ಎಲ್ಲಿ ಹಾದಿದೆ ಎಂದು ಪತ್ತೆ ಮಾಡಿಕೊಂಡು ನೆತ್ತಿಗೆ ತೂತು ಕೊರೆದ. ಸಾಗವಾನಿಯ ಕಂಬ, ಅದರ ಮೇಲೆ ಹಿತ್ತಾಳೆಯ ನಲ್ಲಿ. ಒಳಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, ರೆಗ್ಯುಲೇಟರು. ಇಂಥ ನಲ್ಲಿಯ ಕಷ್ಟವೆಲ್ಲ ನೊರೆಯದು. ಒತ್ತಡ ಹತ್ತು ಹನ್ನೆರಡು ಪಿಎಸ್ಐ ಇರಬೇಕು, ಪೀಪಾಯಿ ಮೂರು ನಾಲ್ಕು ಡಿಗ್ರಿಯಲ್ಲಿ ತಣ್ಣಗಿರಬೇಕು. ಪೀಪಾಯಿ ತಣ್ಣಗಿದ್ದು ಕಂಬ ಬಿಸಿಯಾಗಿದ್ದರೆ ಮೊದಲ ಲೋಟವೆಲ್ಲ ಬರೀ ನೊರೆ. ಅದಕ್ಕೆ ಕಂಪ್ಯೂಟರಿನ ಪುಟ್ಟ ಫ್ಯಾನಿಟ್ಟು ತಣ್ಣನೆ ಗಾಳಿಯನ್ನು ಕಂಬದೊಳಕ್ಕೆ ಹಾಯಿಸಿದ. ಸಣ್ಣ ಕೊಳವೆಯನ್ನು ಮೂರು ಮೀಟರು ಸುರುಳಿ ಸುತ್ತಿ ರಭಸ ತಗ್ಗಿಸಿದ. ನೋಡಲು ಚೆಂದವೇ ಆಯಿತು, ಪೂಜೆಗಿಟ್ಟ ಹಾಗಿತ್ತು.

ಆದರೆ ಪೀಪಾಯಿ? ನಗರದ ಅಂಗಡಿಯವನು ನಕ್ಕು, ‘ಬಾಟಲಿ ಎಷ್ಟು ಬೇಕಾದರೂ ಕೇಳಿ. ಪೀಪಾಯಿ ಏನಿದ್ದರೂ ಪರ್ಮಿಟ್ ರೂಮಿಗೆ’ ಅಂದ. ಪರ್ಮಿಟ್ ರೂಮ್ ಎಂಬ ಬೋರ್ಡು ಮೊದಲ ಸಲ ಕಂಡಾಗ ನಾನು ಅದನ್ನು ಆರ್‌ಟಿಓ ಕಚೇರಿ ಅಂದುಕೊಂಡಿದ್ದೆ. ಅದು ಬಾರು. ಆ ಹೆಸರಿನ ಬೇರು ಇರುವುದು 1949ರ ಮುಂಬಯಿ ಪಾನನಿಷೇಧ ಕಾನೂನಿನಲ್ಲಿ. ಕುಡಿಯುವವನು ಪರವಾನಾ ಇಟ್ಟುಕೊಂಡಿರಬೇಕು ಎಂದ ಕಾನೂನು ಅದು. ಬಾಲ್ಸಾರಾ ಎಂಬವರು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1951ರಲ್ಲಿ, ಆಲ್ಕೋಹಾಲ್ ಇರುವ ಔಷಧ, ಪ್ರಸಾಧನಗಳ ಮೇಲಿನ ನಿರ್ಬಂಧವನ್ನು ತೆಗೆದುಹಾಕಿ ಉಳಿದ ಬಹುಭಾಗವನ್ನು ಎತ್ತಿಹಿಡಿಯಿತು. ಆಮೇಲೆ ನಿಷೇಧ ಸಡಿಲವಾಯಿತು. ಪರವಾನಾ ಉಳಿಯಿತು, ಬೋರ್ಡೂ ಉಳಿಯಿತು. ಮನೆಯಲ್ಲೇ ಬಿಯರ್ ಕುದಿಸಿಕೊಳ್ಳೋಣವೆಂದರೆ ಅದು ಲೈಸೆನ್ಸಿಲ್ಲದ ತಯಾರಿಕೆ, ನೇರ ಅಪರಾಧ.

ನನಗೆ ಇಲ್ಲಿ ಸೋಜಿಗವಾದದ್ದು ಬೇರೆ. ಕೌಟಿಲ್ಯ ತನ್ನ ಅರ್ಥಶಾಸ್ತ್ರದಲ್ಲಿ ಮದ್ಯಕ್ಕೆಂದೇ ಸುರಾಧ್ಯಕ್ಷನೆಂಬ ಅಧಿಕಾರಿಯನ್ನು ಕೂರಿಸಿ, ಎಲ್ಲಿ ಮಾರಬೇಕು, ಎಷ್ಟು ಕೊಡಬೇಕು ಎಂಬುದಕ್ಕೆಲ್ಲ ಕಟ್ಟುಪಾಡು ಹಾಕುತ್ತಾನೆ. ಅಂಥ ಬಿಗಿ ಮನುಷ್ಯ ಕೂಡ ಸಂಸಾರಸ್ಥರಿಗೆ ಶುಭಕಾರ್ಯದಲ್ಲಿ ಬಿಳಿ ಸುರೆಯನ್ನೂ ಔಷಧಕ್ಕೆ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಲು ಬಿಡುತ್ತಾನೆ. ಹಬ್ಬ ಜಾತ್ರೆಗಳಿಗೆ ನಾಲ್ಕು ದಿನದ ವಿನಾಯಿತಿ ಬೇರೆ. ಒಲೆಯ ಪಕ್ಕದ ಮಡಕೆಯನ್ನು ಪೂರ್ತಿ ಸರ್ಕಾರದ ವಶಕ್ಕೆ ತಂದದ್ದು ನಂತರದ ಅಬಕಾರಿ. ಬ್ರಿಟಿಷರಿಗೂ ನಿಜಾಮರಿಗೂ ಅದು ದೊಡ್ಡ ಆದಾಯ. ಗುತ್ತಿಗೆ ಹಿಡಿದವನ ಅಂಗಡಿಯಲ್ಲಷ್ಟೇ ಕುಡಿತ ಎಂದಾಯಿತು. ಮೈಸೂರಿನ ಪಡಖಾನೆ, ನಮ್ಮ ಗೆಳೆಯನ ಕಡೆಯ ಸೇಂದಿ ಅಂಗಡಿ ಎರಡೂ ಊರಾಚೆಯವು. ರಾಜರತ್ನಂ ಅವರ ರತ್ನನನ್ನೂ ನಾವು ಪಡಖಾನೆಯಲ್ಲೇ ಕಾಣುತ್ತೇವೆ, ಅಡುಗೆಮನೆಯಲ್ಲಲ್ಲ.

ಬಿಯರಂತೂ ಬಂದದ್ದೇ ದಂಡಿನ ಜೊತೆ. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ಅದರ ಬಿಯರು ದೊಡ್ಡ ಮರದ ಪೀಪಾಯಿಗಳಲ್ಲಿ ಎತ್ತಿನ ಗಾಡಿ ಹತ್ತಿ ಗೋರಾ ಸಿಪಾಯಿಗಳ ಬಳಿ ಹೋಗುತ್ತಿತ್ತು. ಅಂದರೆ ಡ್ರಾಫ್ಟ್ ಬಿಯರು ನಮ್ಮಲ್ಲಿ ಹೊಸದೇನಲ್ಲ, ನಮಗಾಗಿ ಇರಲಿಲ್ಲ ಅಷ್ಟೆ. ವಿಠಲ ಮಲ್ಯ 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದರು. 1980ರ ದಶಕದಲ್ಲಿ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳಲ್ಲಿ ಪೀಪಾಯಿ ಮತ್ತೆ ಕಾಣಿಸಿಕೊಂಡಿತು. ಆ ಹೊತ್ತಿಗೆ ಅಮೆರಿಕದಲ್ಲಿ ಅದು ಮನೆಯನ್ನೇ ಹೊಕ್ಕಿತ್ತು: 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಬಳಕೆಯ ಬಿಯರಿಗೆ ದಾರಿ ಬಿಟ್ಟಿತು. ತಂಪುಪಾನೀಯ ಕಂಪನಿಗಳು ಬೇಡವೆಂದು ಬಿಟ್ಟ ಹತ್ತೊಂಬತ್ತು ಲೀಟರಿನ ಸ್ಟೀಲ್ ಕ್ಯಾನುಗಳನ್ನು ಹವ್ಯಾಸಿಗಳು ಎತ್ತಿಕೊಂಡು ಬಂದು ಫ್ರಿಜ್ಜಿನೊಳಗಿಟ್ಟರು. ಗೆಳೆಯ ಕೈಗೆತ್ತಿಕೊಂಡದ್ದು ಅಲ್ಲಿಯ ಆ ನಕ್ಷೆ.

ನಲ್ಲಿಯ ಸುದ್ದಿ ಕೇಳಿ ಮನೆಯ ಮಾಲೀಕರು ಮೇಲೆ ಬಂದರು. ಎಪ್ಪತ್ತು ದಾಟಿದ ರೈತ. ಹಿತ್ತಾಳೆಯ ಹಿಡಿಯನ್ನು ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು: ‘ಪಾಣೀ ಯೇತಂ ಕಾ?’ ನೀರು ಬರುತ್ತಾ?

ಅವರು ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಅವರು ಹುಟ್ಟಿದ ಊರು ಜಾಯಕವಾಡಿಯ ಹಿನ್ನೀರಿನಲ್ಲಿದೆ. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಆ ಅಣೆಕಟ್ಟು ಪೈಠಣದ ಬಳಿ ಗೋದಾವರಿಯನ್ನು ತಡೆದು ನಿಲ್ಲಿಸಿತು. ನೂರಕ್ಕೂ ಹೆಚ್ಚು ಹಳ್ಳಿಗಳು ಎದ್ದು ನಡೆದವು. ಹಾಗೆ ಬಂದು ಇಲ್ಲಿ ಕೊಂಡ ಹೊಲದಲ್ಲಿ ಅರ್ಧ ಕೈಗಾರಿಕೆಗೆ ಹೋಗಿದೆ. ಆ ಜಲಾಶಯದ ನೀರು ನಗರಕ್ಕೆ ಬರುತ್ತದೆ, ವಾಳೂಜಿನ ಕಾರ್ಖಾನೆಗಳಿಗೂ ಬರುತ್ತದೆ. ದೇಶದ ದೊಡ್ಡ ದೊಡ್ಡ ಬ್ರೂವರಿಗಳು ಈ ಒಣ ಸೀಮೆಯಲ್ಲಿ ಬಂದು ಕೂತಿವೆ. ನಗರದ ಎಷ್ಟೋ ಬಡಾವಣೆಗಳ ನಲ್ಲಿಯಲ್ಲಿ ಮಾತ್ರ ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು. ನಮ್ಮ ಓಣಿಗೆ ಟ್ಯಾಂಕರೇ ಗತಿ.

2016ರ ಏಪ್ರಿಲನ್ನು ಇಲ್ಲಿ ಯಾರೂ ಮರೆತಿಲ್ಲ. ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಹೋಯಿತು, ಮೊದಲ ಸಲ ಐದು ಲಕ್ಷ ಲೀಟರು. ಮುಂದೆ ನಮ್ಮ ವಿಜಯಪುರ, ಬಾಗಲಕೋಟೆಗಳತ್ತ ಹರಿಯುವ ಅದೇ ಕೃಷ್ಣೆಯ ನೀರು. ಅದೇ ತಿಂಗಳು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಮರಾಠವಾಡದ ಮದ್ಯ ಮತ್ತು ಬಿಯರ್ ಕಾರ್ಖಾನೆಗಳ ನೀರನ್ನು ಶೇ. 50ರಷ್ಟು, ಮೇ ತಿಂಗಳಿನಿಂದ ಶೇ. 60ರಷ್ಟು ಕಡಿತ ಮಾಡಲು ಹೇಳಿತು. ಕೌಟಿಲ್ಯನಿಂದ ಅಬಕಾರಿಯವರೆಗೆ ಎಲ್ಲರೂ ಕೇಳಿದ್ದು ಯಾರು ಕುಡಿಯಬಹುದು, ತೆರಿಗೆ ಎಷ್ಟು ಎಂದು. ಬಿಯರಿಗೆ ನೀರು ಎಲ್ಲಿಂದ ಎಂಬ ಪ್ರಶ್ನೆಯನ್ನು ಇಷ್ಟು ಗಟ್ಟಿಯಾಗಿ ಕೇಳಿದ್ದು ಆ ಬರಗಾಲ.

ಆ ರಾತ್ರಿ ಗೆಳೆಯ ಲೆಕ್ಕ ಹಾಕಿದ. ಒಂದು ಲೀಟರ್ ಬಿಯರಿಗೆ ಕಾರ್ಖಾನೆಯಲ್ಲಿ ನಾಲ್ಕೈದು ಲೀಟರ್ ನೀರು. ಮೂವತ್ತು ಲೀಟರಿನ ಒಂದು ಪೀಪಾಯಿ ಎಂದರೆ ನಮ್ಮ ಬಚ್ಚಲಿನ ನೀಲಿ ಡ್ರಮ್ಮಿನ ಮುಕ್ಕಾಲು ಭಾಗ. ಅದು ನಮ್ಮಿಬ್ಬರಿಗೆ ಎರಡು ದಿನ. ಕೊಳವೆಯನ್ನು ಎರಡು ವಾರಕ್ಕೊಮ್ಮೆ ತೊಳೆಯುವ ನೀರು ಬೇರೆ. ‘ವಿಚಾರ ಮಾಡಬೇಕಾತ್ರಿ’ ಅಂದ. ನಾನಾದರೂ ಬಾಟಲಿ ಬಿಟ್ಟವನಲ್ಲ, ಉಪದೇಶ ಮಾಡುವ ಹಕ್ಕಿಲ್ಲ, ಸುಮ್ಮನಿದ್ದೆ.

ಈಗ ಆ ಸ್ಟೀಲ್ ಕ್ಯಾನಿನಲ್ಲಿ ಜೀರಿಗೆ ಸೋಡಾ ಇದೆ. ಒತ್ತಡವನ್ನು ಮೂವತ್ತಕ್ಕೆ ಏರಿಸಿ ಎರಡು ದಿನ ತಣ್ಣಗಿಟ್ಟರೆ ಗೋಲಿ ಸೋಡಾದ ಹಾಗೆ ಮೂಗಿಗೆ ಹತ್ತುತ್ತದೆ. ಮಾಲೀಕರು ಸಂಜೆ ಲೋಟ ಹಿಡಿದೇ ಮೆಟ್ಟಿಲು ಹತ್ತುತ್ತಾರೆ. ನಿನ್ನೆಗೆ ಕ್ಯಾನು ಖಾಲಿಯಾಯಿತು. ಟ್ಯಾಂಕರ್ ಬರುವುದು ಮಂಗಳವಾರ.