ಬೋನಸ್ ಸೈನ್ಯ, 1932

1929ರ ಆರ್ಥಿಕ ಮಹಾಕುಸಿತವನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಬೋನಸ್ ಸೈನ್ಯದ ಕಥೆಯನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ. ಪರೀಕ್ಷೆಗೆ ಬರುತ್ತಿರಲಿಲ್ಲ, ಅಷ್ಟೆ.

ಮೊದಲ ಮಹಾಯುದ್ಧದ ಅಮೆರಿಕನ್ ಯೋಧರಿಗೆ 1924ರ ಕಾಯಿದೆಯು ದಿನಕ್ಕೆ ಸ್ವದೇಶದ ಸೇವೆಗೆ ಒಂದು ಡಾಲರ್, ವಿದೇಶದ ಸೇವೆಗೆ ಒಂದೂಕಾಲು ಡಾಲರ್ ಲೆಕ್ಕದಲ್ಲಿ ಬೋನಸ್ ನಿಗದಿ ಮಾಡಿತು. ಆದರೆ ಹೆಚ್ಚಿನವರ ಕೈಗೆ ಬಂದದ್ದು ಹಣವಲ್ಲ, 1945ರಲ್ಲಿ ಸಲ್ಲಬೇಕಾದ ಪತ್ರ. 1932ರ ಬೇಸಿಗೆಯಲ್ಲಿ ಕೆಲಸವಿಲ್ಲದೆ ಹಸಿದ ಸಾವಿರಾರು ಯೋಧರು, ಹಲವರು ಹೆಂಡತಿ ಮಕ್ಕಳೊಡನೆ, ವಾಷಿಂಗ್ಟನ್ನಿಗೆ ಬಂದು, ಅನಕೋಸ್ಟಿಯ ನದಿಯ ಬಳಿ ಹಲಗೆ ತಗಡುಗಳ ಗುಡಿಸಲು ಕಟ್ಟಿ, ಆ ಹಣವನ್ನು ಈಗಲೇ ಕೊಡಿರೆಂದು ಕೇಳಿದರು. ಜೂನ್ 17ರಂದು ಸೆನೆಟ್ ನಿರಾಕರಿಸಿತು. ಸರ್ಕಾರದ ಆಯವ್ಯಯ ಸರಿದೂಗಬೇಕೆಂಬುದು ಅಧ್ಯಕ್ಷ ಹೂವರ್ ಅವರ ವಾದ.

ಅದೇ ತಿಂಗಳು ಸರ್ಕಾರದ ಪುನರ್ನಿರ್ಮಾಣ ಹಣಕಾಸು ನಿಗಮವು ಷಿಕಾಗೋದ ಬ್ಯಾಂಕೊಂದಕ್ಕೆ 9 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಅದು ಚಾರ್ಲ್ಸ್ ಡಾಸ್ ಅವರ ಬ್ಯಾಂಕು. ಅವರೋ, ಕೆಲವೇ ವಾರಗಳ ಹಿಂದೆ ಆ ನಿಗಮಕ್ಕೇ ಅಧ್ಯಕ್ಷರಾಗಿದ್ದವರು! ಬ್ಯಾಂಕು ಮುಳುಗಿದರೆ ಠೇವಣಿದಾರರೂ ಮುಳುಗುತ್ತಾರೆಂಬ ಸಮರ್ಥನೆ ಸುಳ್ಳಲ್ಲ. ಆದರೂ ನನಗದು ಇಂದಿಗೂ ಜೀರ್ಣವಾಗಿಲ್ಲ.

ಜುಲೈ 28ರಂದು ಜನರಲ್ ಮೆಕಾರ್ಥರ್ ಅಶ್ವದಳ, ಟ್ಯಾಂಕು, ಅಶ್ರುವಾಯುಗಳೊಡನೆ ಬಂದು ಅವರನ್ನು ಓಡಿಸಿದರು. ಗುಡಿಸಲುಗಳು ಉರಿದುಹೋದವು. ನವೆಂಬರಿನಲ್ಲಿ ಹೂವರ್ ಸೋತರು. ಗೆದ್ದ ರೂಸ್‌ವೆಲ್ಟರೂ ಬೋನಸ್ಸಿಗೆ ಒಪ್ಪಲಿಲ್ಲ. 1936ರಲ್ಲಿ ಅವರ ವೀಟೋವನ್ನು ಮೀರಿ ಕಾಂಗ್ರೆಸ್ಸೇ ಕಾಯಿದೆ ಮಾಡಿತು. ಯೋಧರಿಗೆ ಹಣ ಬಂತು, ಒಂಬತ್ತು ವರ್ಷ ಮೊದಲೇ.